ಮೊದಲ ಸಾಲಿನ ಕೂಗು

ಅವಾತಿಫ್‌ಗೆ ಹಾಡುಗಾರರ ಮೇಲೆ ಅಂಥ ಗೌರವವೇನೂ ಇರಲಿಲ್ಲ. ಇಪ್ಪತ್ತೆರಡು ವರ್ಷ ವೇದಿಕೆಯ ಪಕ್ಕದ ಕತ್ತಲಲ್ಲಿ ಕೂತು ಅವರ ಕಿವಿಗೆ ಸದ್ದು ಬಡಿಸಿದವಳಿಗೆ ಅವರ ಬಂಡವಾಳವೆಲ್ಲ ಗೊತ್ತು. ಯಾರಿಗೆ ಎಲ್ಲಿ ಶ್ರುತಿ ಜಾರುತ್ತದೆ, ಯಾರು ಅದಕ್ಕೆ ಪಿಟೀಲಿನವನನ್ನು ಬೈಯುತ್ತಾರೆ, ಯಾರು ತಮ್ಮ ದನಿಯನ್ನು ತಾವೇ ಕೇಳಿ ಪುಳಕಗೊಳ್ಳುತ್ತಾರೆ, ಎಲ್ಲ. ಅವಳು ತಲೆಬಾಗುತ್ತಿದ್ದದ್ದು ಕೇಳುಗರಿಗೆ. ಅದು ಅಪ್ಪನಿಂದ ಬಂದ ಬುದ್ಧಿ.

ಅಪ್ಪ ಫಿಕ್ರಿ ಕೈರೋದ ಸಯ್ಯಿದಾ ಝೈನಬ್ ಕೇರಿಯ ದರ್ಜಿ. ವಾರವೆಲ್ಲ ಇಸ್ತ್ರಿಪೆಟ್ಟಿಗೆಯ ಮುಂದೆ ಬೆವರು ಸುರಿಸಿ, ಗುರುವಾರ ಸಂಜೆ ಬೂದು ಕೋಟು ತೊಟ್ಟು, ಮಗಳಿಗೆ ಸಿಗುವ ಪುಕ್ಕಟೆ ಟಿಕೆಟಿನಲ್ಲಿ ಮೊದಲ ಸಾಲಿನ ಏಳನೇ ಕುರ್ಚಿಯಲ್ಲಿ ಕೂರುತ್ತಿದ್ದ. ನಮ್ಮಲ್ಲಿ ಹಾಡು ಎನ್ನುವುದು ಹಾಡುಗಾರನೊಬ್ಬನ ಆಸ್ತಿಯಲ್ಲ. ಒಂದು ಸಾಲು ಮುಗಿದ ಉಸಿರಿನಲ್ಲಿ ಕೇಳುಗರು ‘ಅಲ್ಲಾಹ್’ ಎಂದು ಕೂಗಿ ಇನ್ನೊಮ್ಮೆ ಎಂದರೆ, ಅವನು ಅದೇ ಸಾಲಿಗೆ ಮರಳಿ ಬೇರೊಂದು ದಾರಿಯಲ್ಲಿ ಏರಬೇಕು. ಹತ್ತು ಸಾಲಿನ ಹಾಡು ಒಂದೂವರೆ ಗಂಟೆಯಾಗುವುದು ಹಾಗೆ. ಕೂಗುವುದಕ್ಕೂ ಹೊತ್ತುಗೊತ್ತು ಇದೆ, ಅರೆಕ್ಷಣ ಮುಂಚೆ ಕೂಗಿದರೆ ಹಾಡು ಕೆಡುತ್ತದೆ. ಫಿಕ್ರಿಯ ಕೂಗು ಒಮ್ಮೆಯೂ ತಪ್ಪಿದ್ದಿಲ್ಲ. ಅವನು ಬಾಯಿಬಿಟ್ಟರೆ ಇಡೀ ಸಭೆ ಅವನ ಹಿಂದೆ ದನಿ ಎತ್ತುತ್ತಿತ್ತು.

ಉಸ್ತಾದ್ ಸಫ್ವತ್ ದೊಡ್ಡವನಾದದ್ದೇ ಇಂಥವರ ಕೂಗಿನಿಂದ. ದೊಡ್ಡವನಾದ ಮೇಲೆ ಅವನಿಗೆ ಕಿವಿಯೊಳಗೆ ಕೂರುವ ಇಯರ್‌ಫೋನಿನ ಹುಚ್ಚು ಹತ್ತಿತು. ಅವನ ಕಿವಿಯದೇ ಅಚ್ಚು ತೆಗೆದು ಮಾಡಿದ್ದು. ಸಿಕ್ಕಿಸಿಕೊಂಡರೆ ಒಳಗೆ ವಾದ್ಯ ಮತ್ತು ತನ್ನ ದನಿ, ಹೊರಗಿನ ಪ್ರಪಂಚ ಬಂದ್. ಸಭೆಯೂ ಕೇಳಿಸಬೇಕಲ್ಲ, ಅದಕ್ಕಾಗಿ ಅವಾತಿಫ್ ವೇದಿಕೆಯ ಅಂಚಿನಲ್ಲಿ ಜನರ ಕಡೆ ಮುಖಮಾಡಿ ಎರಡು ಮೈಕು ನಿಲ್ಲಿಸಿ, ಅವುಗಳ ಸದ್ದನ್ನು ತನ್ನ ಮಿಕ್ಸರಿನಿಂದ ಅವನ ಕಿವಿಗೆ ಬೆರೆಸುತ್ತಿದ್ದಳು. ಬಲಗಡೆಯದನ್ನು ಏಳನೇ ಕುರ್ಚಿಯ ನೇರಕ್ಕೇ ಇಟ್ಟಳು. ಯಾರೂ ಹಾಗೆ ಇಡು ಎಂದಿರಲಿಲ್ಲ. ಅಪ್ಪನ ಕೂಗು ಉಸ್ತಾದನಿಗೆ ಎಲ್ಲರಿಗಿಂತ ಮೊದಲು ಮುಟ್ಟಲಿ ಎಂಬ ಆಸೆ, ಅಷ್ಟೇ.

ಹೋದ ವರ್ಷ ಒಂದು ಗುರುವಾರ ಅದು ಮುಟ್ಟಿತು. ಹಾಡಿನ ಮೂರನೇ ಸಾಲು ಮುಗಿಯುತ್ತಲೇ ಫಿಕ್ರಿ ಎದೆತುಂಬಿ ಕೂಗಿದ. ಸಫ್ವತ್ ಕಿವಿಗೆ ಕಡ್ಡಿ ಚುಚ್ಚಿದವನಂತೆ ಮುಖ ಕಿವುಚಿ, ಕೈಯೆತ್ತಿ ವಾದ್ಯ ನಿಲ್ಲಿಸಿ, ಮೈಕಿನಲ್ಲೇ ಹೇಳಿದ: “ಯಾರಾದ್ರೂ ಈ ಕತ್ತೇನ ಹೊರಗೆ ಕಟ್ಟಿ ಬನ್ರಪ್ಪ. ಕಿವಿ ಹರಿದುಹೋಯ್ತು.”

ಸಭೆ ನಕ್ಕಿತು. ಅಷ್ಟು ವರ್ಷ ಅವನ ಕೂಗಿನ ಹಿಂದೆ ದನಿ ಎತ್ತಿದವರೇ ನಕ್ಕರು. ಕತ್ತೆ ಯಾರೆಂದು ನೋಡಲು ಫಿಕ್ರಿಯೂ ಹಿಂದೆ ತಿರುಗಿದ. ಬಾಗಿಲ ಕಾವಲಿನವರಿಬ್ಬರು ಬಂದು ಪಕ್ಕದಲ್ಲಿ ನಿಂತಾಗಲೇ ಅವನಿಗೆ ಅರ್ಥವಾದದ್ದು. ಎದ್ದ. ಸಾಲಿನ ಆರು ಜನರ ಮಂಡಿಗಳ ಮುಂದೆ ಹಾಯುತ್ತ ಒಬ್ಬೊಬ್ಬರಿಗೂ ಕ್ಷಮಿಸಿ ಎನ್ನುತ್ತ ಹೊರಗೆ ನಡೆದ. ಅವಾತಿಫ್ ಮಿಕ್ಸರಿನ ಹಿಂದೆ ಕೂತು ಅಷ್ಟನ್ನೂ ನೋಡಿದಳು.

ಮನೆಯಲ್ಲಿ ಅವನು ಆ ಮಾತೆತ್ತಲಿಲ್ಲ. ತನ್ನ ಕುರ್ಚಿಯ ನೇರಕ್ಕೆ ಮೈಕು ಇಟ್ಟವಳು ಮಗಳೇ ಎಂಬುದು ಅವನಿಗೆ ಗೊತ್ತಿರಲಿಲ್ಲ, ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಮೂರನೇ ದಿನ ಅಂಗಡಿಗೆ ಊಟ ತಂದವಳು ಕೇಳಿದಳು: “ಅಪ್ಪ, ರೇಡಿಯೋ ಹಾಕ್ಲಾ?”

“ಬೇಡ ಮಗಳೇ. ಕೆಲಸ ಕೆಡುತ್ತೆ.”

ಐವತ್ತು ವರ್ಷ ಹಾಡು ಕೇಳುತ್ತಲೇ ಹೊಲಿದ ಮನುಷ್ಯ. ರೊಟ್ಟಿಯನ್ನು ಬೇಯಿಸಿದ ಅವರೆಯಲ್ಲಿ ಅದ್ದಿ ಅದ್ದಿ ತಿಂದ. ಬೂದು ಕೋಟು ಇಸ್ತ್ರಿಯಾಗಿ ಮೊಳೆಗೆ ನೇತಾಡುತ್ತಿತ್ತು. ಆ ಹೊತ್ತಿಗೆ ಅವಾತಿಫ್ ಹಲ್ಲು ಕಚ್ಚಿಕೊಂಡಳು. ಸಫ್ವತ್ ಮತ್ತೆ ಆ ವೇದಿಕೆಗೆ ಬರುವವರೆಗೆ ಹದಿಮೂರು ತಿಂಗಳು ಆ ಹಲ್ಲು ಸಡಿಲಾಗಲಿಲ್ಲ. ತನ್ನ ಮೇಲಿನ ಸಿಟ್ಟನ್ನೂ ಅವನ ಲೆಕ್ಕಕ್ಕೇ ಸೇರಿಸಿದಳು. ಅದು ನ್ಯಾಯವೋ ಅಲ್ಲವೋ, ಅವಳಿಗೆ ಬೇಕಾಗಿರಲಿಲ್ಲ.

ಅವನು ಬಂದದ್ದು ಹೊಸ ಹಾಡು ಹೊತ್ತು, ಟಿ.ವಿ.ಯವರನ್ನು ಕಟ್ಟಿಕೊಂಡು. ಮಧ್ಯಾಹ್ನ ಸದ್ದು ಹದ ಮಾಡಿಸಿಕೊಳ್ಳಲು ನಿಂತವನು ಹೇಳಿದ: “ಏನಮ್ಮಾ, ಇವತ್ತು ಜನಾನ ಚೆನ್ನಾಗಿ ಕೊಡು. ಅವರು ಕೂಗಿದ್ದು ಕೇಳಿದ್ರೆ ತಾನೇ ನಾನು ಸಾಲು ತಿರುಗಿಸೋದು?”

“ಕೊಡ್ತೀನಿ ಉಸ್ತಾದರೇ.”

“ಮತ್ತೆ ಹೋದ್ಸಲದ ಥರ ಯಾವುದಾದ್ರೂ ಕತ್ತೆ...”

“ಅದು ಬರೋದು ಬಿಟ್ಟಿದೆ,” ಎಂದಳು ಅವಾತಿಫ್. ತಾನು ದಿನಾ ಚಹಾ ಕುಡಿಯುವ ಗಾಜಿನ ಲೋಟವನ್ನು ಬೆಳಿಗ್ಗೆಯೇ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಿದ್ದಳು. ನಾಳೆ ಮಿಕ್ಸರಿನ ಹಿಂದಿನ ಕುರ್ಚಿ ತನ್ನದಾಗಿರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಅವನು ಬಂದಾಗಿನ ಚಪ್ಪಾಳೆಯನ್ನು ಅವಳು ಪೂರಾ ಅವನ ಕಿವಿಗೆ ಬಡಿಸಿದಳು. ಅವನ ಎದೆ ಉಬ್ಬಿತು. ಹಾಡಿನ ಮೊದಲ ಸಾಲಿಗೆ ಜನ ಕೂಗಿದರು, ಅದನ್ನೂ ಕೊಟ್ಟಳು, ಅವನು ತಿರುಗಿಸಿ ಹಾಡಿದ. ಆಮೇಲೆ ಎರಡು ಮೈಕುಗಳ ಗುಂಡಿಗಳನ್ನು ಒಂದೇ ಬೆರಳಿನಲ್ಲಿ, ಕೂದಲೆಳೆ ಕೂದಲೆಳೆಯಾಗಿ ಕೆಳಗೆ ಜಾರಿಸತೊಡಗಿದಳು. ವಾದ್ಯಗಳನ್ನು ಮುಟ್ಟಲಿಲ್ಲ. ಅವನ ದನಿಗೆ ಇನ್ನಷ್ಟು ಜೇನು ಸವರಿದಳು. ಟಿ.ವಿ.ಯವರ ದೀಪಗಳು ಕಣ್ಣಿಗೆ ಹೊಡೆದು ಜನರ ಮುಖವಂತೂ ಅವನಿಗೆ ಕಾಣುತ್ತಿರಲಿಲ್ಲ. ಎರಡನೇ ಸಾಲು ಮುಗಿಯುವಷ್ಟರಲ್ಲಿ ಸಫ್ವತ್ ಸಾವಿರ ಜನರ ಮುಂದೆ ಒಬ್ಬನೇ ಇದ್ದ.

ಸಭೆ ಇನ್ನೊಮ್ಮೆ ಎಂದು ಕೂಗಿತು. ಅವನು ಮುಂದಿನ ಸಾಲಿಗೆ ಹೋದ. ಮತ್ತೆ ಕೂಗಿತು, ಮತ್ತೆ ಹೋದ. ಕಿವಿಗೆ ಏನೂ ಸಿಕ್ಕಿಸಿಕೊಳ್ಳದ ತಂತಿವಾದ್ಯದ ಮುದುಕ ಜನರ ಮಾತಿಗೆ ಹಳೆಯ ಸಾಲಿಗೇ ಮರಳಿದರೆ, ಸಫ್ವತ್ ಅವನನ್ನೇ ದುರುಗುಟ್ಟಿ ನೋಡಿದ. ನಮ್ಮಲ್ಲಿ ಕೂಗನ್ನು ದಾಟಿ ಹೋಗುವುದೆಂದರೆ ಕೈಕುಲುಕಲು ಚಾಚಿದ ಕೈಯನ್ನು ತಳ್ಳಿದ ಹಾಗೆ.

ಸಭೆಯ ಹಿಂದೆ ಕೂತು ಜನರಿಗೆ ಸದ್ದು ಕೊಡುವ ನಸೀಫ್ ಹೆಡ್‌ಫೋನಿನಲ್ಲಿ ಪಿಸುಗುಟ್ಟಿದ: “ಅಕ್ಕಾ, ಜನ ಬಾಯಿ ಬಡ್ಕೊಂತಿದ್ದಾರೆ, ಇವರು ಬಸ್ಸು ತಪ್ಪಿಹೋಗೋರ ಥರ ಓಡ್ತಿದ್ದಾರಲ್ಲ. ಮೈಕು ಸರಿಯಿದೆಯಾ?”

“ಸರಿಯಿದೆ.”

“ಹಂಗಾದ್ರೆ ತಲೆ ತಿರುಗಿರಬೇಕು. ಟಿ.ವಿ. ಬಂತಲ್ಲ.”

ಐದನೇ ಸಾಲನ್ನು ಅವನು ನಿಜಕ್ಕೂ ಚೆನ್ನಾಗಿ ಹಾಡಿದ. ಜನ ಮೆಚ್ಚಲಿಲ್ಲವೆಂಬ ಭಯಕ್ಕೆ ದನಿಯಲ್ಲಿ ನೀರಾಡಿತ್ತು. ಅಪ್ಪ ಬಂದಿದ್ದರೆ ಕುರ್ಚಿಬಿಟ್ಟು ಏಳುತ್ತಿದ್ದ. ಅವಾತಿಫ್‌ಳ ಗಂಟಲಿಗೇ ಕೂಗು ಬಂದಿತ್ತು, ಬೆರಳು ಗುಂಡಿಯ ಮೇಲೆ ಹೋಗಿತ್ತು. ಆ ಕೈಯನ್ನು ಎಳೆದು ತೊಡೆಯ ಕೆಳಗೆ ಅದುಮಿಕೊಂಡು ಕೂತಳು. ಕೆಲವರು ಕಡೆಯ ಸಲವೆಂಬಂತೆ ಕೂಗಿ ನೋಡಿದರು. ಅವನು ದಾಟಿಹೋದ. ಆಮೇಲೆ ಯಾರೂ ಕೂಗಲಿಲ್ಲ.

ಸಫ್ವತ್ ಅವಳತ್ತ ನೋಡಿ ಅಂಗೈ ಮೇಲೆತ್ತಿದ, ಜನಾನ ಕೊಡು ಎಂದು. ಅವಳು ಕೊಟ್ಟಳು. ಎರಡೂ ಗುಂಡಿಗಳನ್ನು ತುದಿಯವರೆಗೆ ತಳ್ಳಿದಳು. ಕೊಡಲು ಇನ್ನೇನೂ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆಯೇ ತಳ್ಳಿದ್ದು. ಅವನ ಕಿವಿಗೆ ಕೆಮ್ಮು ಹೋಯಿತು, ಕುರ್ಚಿಗಳು ಮಡಚಿಕೊಳ್ಳುವ ಸದ್ದು ಹೋಯಿತು. ಬಲಗಡೆಯ ಮೈಕಿನಿಂದ, ಏಳನೇ ಕುರ್ಚಿಯ ಹೆಂಗಸು ಗಂಡನಿಗೆ ಹೇಳಿದ್ದೂ ಹೋಯಿತು: “ಏಳ್ರೀ, ಇವನಿಗೆ ನಾವು ಬೇಕಾಗಿಲ್ಲ.”

ಅವನು ಹಾಡುತ್ತಲೇ ಒಂದು ಕಿವಿಯದನ್ನು ಕಿತ್ತ. ಹೊರಗೂ ಅದೇ ಇತ್ತು. ಉಳಿದ ಸಾಲುಗಳನ್ನು ಹೇಗೋ ಮುಗಿಸಿ ಒಳಗೆ ಬಂದಾಗ ಅವನ ಬಣ್ಣ ಹಚ್ಚಿದ ಕೂದಲಿನಿಂದ ಕಪ್ಪು ಬೆವರು ಇಳಿಯುತ್ತಿತ್ತು. ಅವಾತಿಫ್ ಬಲಗಡೆಯ ಮೈಕಿನ ತಂತಿ ಸುತ್ತುತ್ತಿದ್ದಳು.

“ಏನಾಯ್ತಮ್ಮ ಇವತ್ತು?” ಅವನ ದನಿ ಒಡೆದಿತ್ತು. “ಮೊದಲ ಸಾಲು ಬಿಟ್ರೆ ಆಮೇಲೆ ಒಬ್ಬನೂ ಯಾಕೆ ಕೂಗಲಿಲ್ಲ?”

“ಮೊದಲು ಕೂಗ್ತಿದ್ದ ಕತ್ತೇನ ನೀವೇ ಹೊರಗೆ ಕಟ್ಟಿಸಿದ್ರಲ್ಲ ಉಸ್ತಾದರೇ,” ಎಂದಳು ಅವಾತಿಫ್. “ಅದು ನಮ್ಮಪ್ಪ.”