ಸರಳಿನ ಮೇಲೆ ಕಡಿದ ಹದಿನೇಳು

ನಮ್ಮ ಮನೆಯಲ್ಲಿ ಹೆಸರಿಲ್ಲದ ಪಾತ್ರೆ ಇರಲಿಲ್ಲ. ರಾಯಚೂರಿನ ಬಜಾರಿನಿಂದ ಒಂದು ಲೋಟ ತಂದರೂ ಅವ್ವ ಅಂಗಡಿಯ ಮುಂದೆಯೇ ಕುಳಿತು ಅಪ್ಪನ ಹೆಸರು ಕೊರೆಸಿಕೊಂಡು ಬರುತ್ತಿದ್ದಳು. "ಹೆಸರಿಲ್ಲದ ಪಾತ್ರಿ ಮದುವಿ ಮನಿಗೆ ಹೋದ್ರ ತಿರುಗಿ ಬರಂಗಿಲ್ಲ" ಎನ್ನುವಳು. ಆ ಬುದ್ಧಿಯನ್ನೇ ನಾನು ಕೆಲಸದ ಜಾಗಕ್ಕೂ ಹೊತ್ತುಕೊಂಡು ಹೋದೆ. ಅದರಿಂದ ಒಬ್ಬ ಹೆಣ್ಣುಮಗಳು ಸತ್ತಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಡೆಯವರೆಗೆ ಬಚ್ಚಿಟ್ಟುಕೊಳ್ಳುವ ಆಟ ನನಗೆ ಸಾಕಾಗಿದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ರಾಯಚೂರಿನ ಒಂದು ಪರೀಕ್ಷಾಲಯದಲ್ಲಿ ನನ್ನ ಕೆಲಸ ಕಬ್ಬಿಣ ಎಳೆಯುವುದು. ಕೇಳಿದವರು ನಗುತ್ತಿದ್ದರು. ಸರಳಿನ ಎರಡೂ ತುದಿಗಳನ್ನು ಯಂತ್ರದ ದವಡೆಗೆ ಕೊಟ್ಟು ಎಳೆಯಬೇಕು, ಎಷ್ಟು ಭಾರಕ್ಕೆ ಮುಳ್ಳು ನಿಂತಿತೆಂದು ಬರೆದುಕೊಳ್ಳಬೇಕು. ಒಳ್ಳೆಯ ಕಬ್ಬಿಣ ಏಕಾಏಕಿ ಹರಿಯುವುದಿಲ್ಲ. ಮೊದಲು ಜಗ್ಗುತ್ತದೆ. ಆಮೇಲೆ ಉದ್ದವಾಗಿ, ಒಂದು ಕಡೆ ನಡು ಸಣ್ಣಗಾಗಿ, ಕಡೆಗೊಮ್ಮೆ ಢಬ್ಬೆಂದು ತುಂಡಾಗುತ್ತದೆ. ಕೆಳಗೆ ನಿಂತವರು ಓಡುವಷ್ಟು ಪುರಸೊತ್ತು ಕೊಡುತ್ತದೆ.

ನಮ್ಮ ಸಾಹೇಬರು ಒಮ್ಮೆ ಅಂಥದೇ ಒಂದು ಸರಳಿಗೆ ಗರಗಸದಿಂದ ಸಣ್ಣ ಕಚ್ಚು ಹಾಕಿ ಎಳೆಸಿದರು. ಅದು ಜಗ್ಗಲಿಲ್ಲ, ನಡು ಸಣ್ಣಗಾಗಲಿಲ್ಲ. ಕಚ್ಚಿನಲ್ಲೇ ಪಟ್ಟನೆ ಹೋಯಿತು.

"ಕಚ್ಚಿನ ಬುಡದಾಗ ಕಬ್ಬಿಣಾನ ಬರೇ ಉದ್ದಕ್ಕ ಎಳದಂಗ ಆಗಂಗಿಲ್ಲಪಾ. ಅಡ್ಡಾನೂ ಎಳೀತದ, ಒಳಗೂ ಎಳೀತದ. ಮೂರೂ ಕಡಿಂದ ಎಳದ್ರ ಅದು ಜಗ್ಗೋದೆಲ್ಲಿಗೆ? ಸೀಳ್ತದ. ಅದಕ್ಕ, ತಿರುಗಿ ಕೆಲಸಕ್ಕ ಹೋಗೋ ಸರಳಿಗೆ ಉಳಿ ಮುಟ್ಟಿಸಬ್ಯಾಡ. ಪರೀಕ್ಷೆ ಆದ ಗುರುತಿಗೆ ಬಣ್ಣದ ಪಟ್ಟಿ ಹಚ್ಚು, ಸಾಕು" ಎಂದರು.

ಹೂಂಗುಟ್ಟಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಅಷ್ಟೆ.

ಮಾನ್ವಿ ಕಡೆಯ ಕಾಲುವೆ ಕೆಲಸಕ್ಕೆ ಚಪ್ಪಡಿ ಕಲ್ಲು ಎತ್ತುವ ಯಂತ್ರವೊಂದಿತ್ತು. ಕಲ್ಲು ನೇತಾಡುವ ಸರಳು ನಮ್ಮಲ್ಲಿಗೆ ಪರೀಕ್ಷೆಗೆ ಬಂತು. ಭಾರ ಹಾಕಿ ನೋಡಿದೆ, ತಡೆಯಿತು. ಬಣ್ಣದ ಪಟ್ಟಿ ಹಚ್ಚಬೇಕಿತ್ತು. ಆದರೆ ನಾವು ಬಣ್ಣ ಹಚ್ಚಿದ ಸರಳನ್ನು ಎಲ್ಲೋ ಬಿಟ್ಟು, ಯಾವುದೋ ಹಾಳು ಸರಳಿಗೆ ತಾವೇ ಬಣ್ಣ ಬಳಿದುಕೊಂಡ ಪುಣ್ಯಾತ್ಮರನ್ನು ನಾನು ಕಂಡಿದ್ದೆ. ಉಳಿ ಸುತ್ತಿಗೆ ತೆಗೆದುಕೊಂಡು ಸರಳಿನ ಮೈಮೇಲೆ ನಮ್ಮ ಪರೀಕ್ಷೆಯ ನಂಬರು 17 ಎಂದು ಕಡಿದೆ. ಆಳವಾಗಿಯೇ ಕಡಿದೆ. ಇದನ್ನು ಯಾವ ಮಗ ಅಳಿಸುತ್ತಾನೋ ನೋಡೋಣ ಎಂದುಕೊಂಡೆ. ಆ ದಿನ ಊಟ ರುಚಿಸಿತ್ತು.

ಎಂಟು ತಿಂಗಳ ಮೇಲೆ ಪೋತ್ನಾಳದ ಹತ್ತಿರ ಆ ಸರಳು ಹರಿದು ಕಲ್ಲು ಬಿತ್ತು. ಕೆಳಗೆ ದೇವದುರ್ಗದ ಕಡೆಯಿಂದ ಕೂಲಿಗೆ ಬಂದಿದ್ದ ಹೆಂಗಸಿದ್ದಳು. ಅವಳ ಹೆಸರು ನನಗೆ ಗೊತ್ತು. ಅದನ್ನು ಬರೆಯುವ ಯೋಗ್ಯತೆ ನನ್ನ ಕೈಗಿಲ್ಲ.

ಎರಡು ತುಂಡುಗಳು ಗೋಣಿಚೀಲದಲ್ಲಿ ನನ್ನ ಮೇಜಿಗೇ ಬಂದವು. ಜೊತೆಯಲ್ಲಿದ್ದ ಪೊಲೀಸರ ಪತ್ರದಲ್ಲಿ ಒಂದೇ ಪ್ರಶ್ನೆ: ಕಬ್ಬಿಣ ಕೆಟ್ಟದ್ದೋ, ಯಂತ್ರ ನಡೆಸುವವನು ಹೆಚ್ಚು ಭಾರ ಎತ್ತಿದನೋ? ಚೀಲ ಬಿಚ್ಚಿದೆ. ನಾನು ಕಡಿದ 17ರಲ್ಲಿ ಒಂದು ಅಂಕಿಯ ಗೆರೆ ಸರಳಿಗೆ ಅಡ್ಡವಾಗಿತ್ತು, ಸರಿಯಾಗಿ ಅದರಲ್ಲೇ ಹರಿದಿತ್ತು. ಒಂದು ತುಂಡಿನ ಮೇಲೆ ಬರೀ ಏಳು ಉಳಿದಿತ್ತು. ನನ್ನ ಉಳಿಯ ಗಾಯದಿಂದ ಒಳಕ್ಕೆ, ಅರ್ಧದವರೆಗೆ, ಕಪ್ಪೆಚಿಪ್ಪಿನ ಮೇಲಿನ ಗೆರೆಗಳಂತೆ ನುಣುಪಾದ ಗೆರೆಗಳು. ದಿನವೂ ಕಲ್ಲು ಎತ್ತಿದಂತೆಲ್ಲ ಸೀಳು ಕೂದಲೆಳೆಯಷ್ಟು ಮುಂದೆ ಸರಿದಿತ್ತು. ಉಳಿದರ್ಧ ಹರಳುಹರಳಾಗಿ, ಆಗಷ್ಟೇ ಹರಿದದ್ದು. ನಡು ಎಲ್ಲಿಯೂ ಸಣ್ಣಗಾಗಿರಲಿಲ್ಲ. ಒಂದೇ ಸಲ ಭಾರ ಹೆಚ್ಚಾಗಿ ಹರಿದ ಸರಳು ಹೀಗಿರುವುದಿಲ್ಲ.

ಪತ್ರ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟೆ. ಹರಿದ ಜಾಗ ಬಿಟ್ಟು, ದೂರದಿಂದ ಒಂದು ಚೂರು ಕತ್ತರಿಸಿ ಎಳೆದೆ. ಹದವಾಗಿ ಜಗ್ಗಿತು, ಉದ್ದವಾಯಿತು, ಹರಿಯಬೇಕಾದ ಭಾರಕ್ಕೇ ಹರಿಯಿತು. "ಕಬ್ಬಿಣದಲ್ಲಿ ದೋಷ ಕಂಡುಬಂದಿಲ್ಲ" ಎಂದು ಬರೆದೆ. ಒಂದು ಅಕ್ಷರವೂ ಸುಳ್ಳಲ್ಲ. ಕಬ್ಬಿಣ ಒಳ್ಳೆಯದೆಂದರೆ ತಪ್ಪು ಯಂತ್ರ ನಡೆಸುವವನ ತಲೆಗೇ ಬರುತ್ತದೆಂದು ಗೊತ್ತಿತ್ತು. ಸಾಹೇಬರು ಮೊಣಕಾಲು ನೋವಿನಿಂದ ಆ ದಿನಗಳಲ್ಲಿ ಕೆಳಗಿಳಿದು ಯಂತ್ರದ ಹತ್ತಿರ ಬರುತ್ತಿರಲಿಲ್ಲ. ತುಂಡುಗಳನ್ನು ಅವರು ನೋಡಲೇ ಇಲ್ಲ.

"ಗಟ್ಟಿ ಅದ ಇಲ್ಲೋ?"

"ಗಟ್ಟಿ ಅದ್ರಿ."

ಸಹಿ ಹಾಕಿದರು. ಮೂರು ಕಡೆಯಿಂದ ಎಳೆತ ಬಿತ್ತು, ಏನು ಮಾಡಲಿ ಎಂದು ಹೇಳಿಕೊಳ್ಳಲು ನನಗೆ ಆಸೆ. ಆದರೆ ನನ್ನನ್ನು ಯಾರೂ ಎಳೆಯಲಿಲ್ಲ. ಹೆದರಿದೆ, ಸುಮ್ಮನಿದ್ದೆ.

ಆ ವರದಿಯ ಲಕೋಟೆ ಇನ್ನೂ ನನ್ನ ಮೇಜಿನ ಖಾನೆಯಲ್ಲಿದ್ದಾಗ ಯಂತ್ರ ನಡೆಸುವವನು ಬಂದ. ಮಾನ್ವಿಯವನು, ಜಾಮೀನಿನ ಮೇಲೆ ಹೊರಗಿದ್ದ. ಮನೆಯ ದಖನಿ ಮಾತು ಅವನ ಕನ್ನಡದೊಳಗೂ ಇಣುಕುತ್ತಿತ್ತು. ಕೂಡ್ರೆಂದರೂ ಕೂಡ್ರಲಿಲ್ಲ.

"ಸಾಹೇಬ್ರ, ದಿನಾ ಎತ್ತೋ ಅಂಥಾದೇ ಕಲ್ಲು ಎತ್ತೀನ್ರಿ, ಖುದಾ ಕಸಂ. ಅಷ್ಟು ಬರೀರಿ ಸಾಕು."

"ಭಾರ ನಾವು ನೋಡಿಲ್ಲಲ್ಲಪಾ. ಕಬ್ಬಿಣ ಏನು ಹೇಳ್ತದ ಅದನ್ನಷ್ಟ ಬರೀಬೇಕು" ಎಂದೆ. ನನ್ನ ಧ್ವನಿ ಸಾಹೇಬರ ಧ್ವನಿಯ ಹಾಗಿತ್ತು.

"ನಾ ಬೇಪರ್ವಾ ಮನಷ್ಯಾ ಅಲ್ರೀ. ಅಲ್ಲಿ ನಾಕು ಸರಳು ಬಿದ್ದಿದ್ವು. ಒಂದರ ಮ್ಯಾಲ ನಿಮ್ಮ ನಂಬರ್ ಕಡದಿತ್ತು. ಟೆಸ್ಟ್ ಆದದ್ದು ಇದೇ ಅಂತ ದಿನಾ ಹುಡುಕ್ಯಾಡಿ ಅದನ್ನ ಹಾಕ್ತಿದ್ದೆ. ಆ ಯವ್ವ ಅಂಜತಿದ್ಲು. ನಂಬರ್ ತೋರ್ಸಿ, ಏನಾಗಂಗಿಲ್ಲ ನಿಂದ್ರು ಬೇ ಅಂತ ನಾನ ಹೇಳೀನ್ರಿ."

ನೋಡುತ್ತೇನೆ ಎಂದೆ. ಅವನು ನನ್ನ ಕೈ ಹಿಡಿದುಕೊಂಡು ಶುಕ್ರಿಯಾ ಹೇಳಿ ಹೋದ. ಅವನು ಗೇಟು ದಾಟುವವರೆಗೆ ಕಿಟಕಿಯಲ್ಲಿ ನಿಂತಿದ್ದು, ಆಮೇಲೆ ಲಕೋಟೆಗೆ ಅಂಟು ಹಚ್ಚಿ ಟಪಾಲಿಗೆ ಹಾಕಿದೆ. ಅವನಿಗೆ ಶಿಕ್ಷೆಯಾಯಿತೆಂದು ಕೇಳಿದೆ. ಎಷ್ಟು ಎಂದು ಕೇಳಲಿಲ್ಲ.