ಹಾಡಜ್ಜಿಯ ಅರ್ಧ ಸಾಲು

ನಮ್ಮೂರು ಬಾಡದ ಹಾಡಜ್ಜಿ ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ ಕುಮಟೆಯ ಕೆಲವರು ಸೇರಿ ಅವಳ ಹಾಡುಗಳನ್ನು ಪುಸ್ತಕ ಮಾಡಬೇಕೆಂದು ಹೊರಟರು. ಹಾಡುಗಳಿದ್ದದ್ದು ನನ್ನ ಹತ್ತಿರ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಬಿ.ಎ. ಕೊನೆಯ ವರ್ಷದಲ್ಲಿ ನಾನು, ಭತ್ತ ನೆಡುವಾಗ ಹೇಳುವ ಅವಳ ನಟ್ಟಿ ಹಾಡುಗಳನ್ನು ಮೊಬೈಲಿನಲ್ಲಿ ಹಿಡಿದು, ಬರೆದು, ಕಾಲೇಜಿಗೆ ಒಪ್ಪಿಸಿದ್ದೆ.

ನಮ್ಮ ಮನೆಯಲ್ಲಿ ಮೊದಲು ಪದವಿ ಪಡೆದವಳು ನಾನು. ಕೇರಿಯಲ್ಲಿಯೂ ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸುಮ್ಮನೆ ಬಂದದ್ದಲ್ಲ ಅದು. ಅಮ್ಮ ಬಾಡದಲ್ಲಿ ಕಂಡವರ ಗದ್ದೆ ನೆಟ್ಟು ನನ್ನನ್ನು ಓದಿಸಿದಳು. ಹಾಡಜ್ಜಿ ನೆಡುತ್ತಿದ್ದ ಸಾಲಿನಲ್ಲೇ ಅವಳೂ ಇರುತ್ತಿದ್ದಳು. ಆದರೆ ನನ್ನನ್ನು ಗದ್ದೆಯ ಅಂಚಿಗೂ ಬರಗೊಡುತ್ತಿರಲಿಲ್ಲ. ಒಮ್ಮೆ ಕೆಸರಿಗೆ ಕಾಲಿಟ್ಟರೆ ಅಲ್ಲೇ ಉಳಿಯುತ್ತಾಳೆ ಎಂಬ ಹೆದರಿಕೆ ಅವಳಿಗೆ. ಹಾಗಾಗಿ ನಾನು ಮನೆಯ ಜಗಲಿಯಲ್ಲಿ ಪುಸ್ತಕ ಹಿಡಿದು ಕೂತು ದೂರದಿಂದ ಹಾಡು ಕೇಳಿದವಳು. ಹಾಡಜ್ಜಿಯ ದನಿ ಅಷ್ಟು ದೂರಕ್ಕೂ ಬರುತ್ತಿತ್ತು. ಒಂದು ಅರ್ಧ ಸಾಲು ಬರುತ್ತಿತ್ತು, ಸ್ವಲ್ಪ ಸುಮ್ಮನಾಗುತ್ತಿತ್ತು, ಆಮೇಲೆ ಹೆಂಗಸರೆಲ್ಲ ನಗುವುದು ಕೇಳುತ್ತಿತ್ತು. ಯಾಕೆ ನಗುತ್ತಾರೆಂದು ನಾನು ಅಮ್ಮನನ್ನು ಕೇಳಿದ್ದಿಲ್ಲ. ಅಮ್ಮ ಈಗಿಲ್ಲ.

ರೆಕಾರ್ಡ್ ಮಾಡಿದ ದಿನ ಹಾಡಜ್ಜಿಯ ಜೊತೆ ಇನ್ನೊಬ್ಬಳು ಬಂದು ಕೂತಿದ್ದಳು. ಬದುಕಿಡೀ ಅವಳ ಪಕ್ಕದಲ್ಲೇ ನೆಟ್ಟವಳು. ಹಾಡಜ್ಜಿ ಬಾಯಿ ತೆರೆದು ಒಂದು ಸಾಲು ಮುಗಿಸುವುದರೊಳಗೆ ಈ ಜೊತೆಗಾತಿ ನಡುವೆ ತನ್ನ ಒಡಕು ದನಿ ಸೇರಿಸಿದಳು. ನಾನು ಮೊಬೈಲು ನಿಲ್ಲಿಸಿ, ಅಜ್ಜಿಯ ಹಾಡು ಚೊಕ್ಕ ಬರಬೇಕು, ನೀವು ಸ್ವಲ್ಪ ಹೊರಗೆ ಕೂತಿರಿ ಎಂದೆ. ಅವಳು ಎದ್ದುಹೋಗಿ ಅಂಗಳದಲ್ಲಿ ತೆಂಗಿನ ಗರಿ ಸೀಳಿ ಪೊರಕೆಗೆ ಹಿಡಿಕಡ್ಡಿ ತೆಗೆಯುತ್ತ ಕೂತಳು. ಹಾಡಜ್ಜಿ ಒಮ್ಮೆ ಅತ್ತ ನೋಡಿದಳು, ಆಮೇಲೆ ಹಾಡಿದಳು. ಅರ್ಧ ಸಾಲು ಹಾಡುವುದು, ನಿಲ್ಲುವುದು. ಮತ್ತೆ ಅರ್ಧ ಸಾಲು, ಮತ್ತೆ ನಿಲ್ಲುವುದು. ವಯಸ್ಸಾಯಿತು, ಮರೆವು ಎಂದುಕೊಂಡೆ.

ಮನೆಗೆ ಬಂದು ಬರೆಯುವಾಗ ಆ ಮರೆವನ್ನು ನಾನೇ ತುಂಬಿದೆ. ‘ಅಂಚಿನ ಮೇಲೆ ನಿಂತ ಬೆಳ್ಳಕ್ಕಿ ಕೇಳೆ’ ಎಂದು ಅವಳು ಹಾಡಿ ಬಿಟ್ಟಿದ್ದಳು. ‘ಹಸಿರು ಸೀರೆಯ ಭೂತಾಯಿ ನಕ್ಕಾಳು’ ಎಂದು ನಾನು ಮುಂದೆ ಸೇರಿಸಿದೆ. ಕಲಿತ ಬುದ್ಧಿ! ನಮ್ಮ ಉಪನ್ಯಾಸಕರು ಆ ಸಾಲನ್ನು ತರಗತಿಯಲ್ಲಿ ಎರಡು ಸಲ ಓದಿ, ಅಕ್ಷರ ಕಲಿಯದ ತಾಯಿಯ ಬಾಯಿಂದ ಎಂಥ ಮಾತು ಬಂದಿದೆ ನೋಡಿ ಎಂದರು. ನಾನು ತಲೆ ತಗ್ಗಿಸಿ ಕೂತಿದ್ದೆ. ನಾಚಿಕೆಯೋ ಹೆಮ್ಮೆಯೋ, ಆಗ ಗೊತ್ತಾಗಲಿಲ್ಲ.

ಆಮೇಲೆ ಆ ರೆಕಾರ್ಡಿಂಗು ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಹಾಡಜ್ಜಿಯನ್ನು ವೇದಿಕೆಗೆ ಕರೆದರು, ಶಾಲು ಹೊದೆಸಿದರು. ಅವಳು ಹೋದ ಮೇಲಂತೂ ಭಟ್ಕಳದಿಂದ ಕುಮಟೆಯವರೆಗೆ ಅವಳ ಹೆಸರು ಹೇಳದವರಿಲ್ಲ. ಬಾಡದ ಶಾಲೆಯ ಮಕ್ಕಳು ಈಗ ಬೆಳ್ಳಕ್ಕಿಯ ಹಾಡನ್ನು ಭೂತಾಯಿಯ ಸಮೇತ ಹಾಡುತ್ತಾರೆ.

ಪುಸ್ತಕದ ಜವಾಬ್ದಾರಿ ಹೊತ್ತವರು ಒಬ್ಬ ನಿವೃತ್ತ ಮಾಸ್ತರರು. ಎರಡು ಮೂರು ಪದಗಳ ಅರ್ಥ ಕೇಳಿಕೊಂಡು ಬಾ ಎಂದು ಅವರು ಹೇಳಿದ್ದರಿಂದ ನಾನು ಜೊತೆಗಾತಿಯನ್ನು ಹುಡುಕಿ ಶಿರಾಲಿಗೆ ಹೋದೆ. ಅವಳು ಈಗ ಅಲ್ಲಿ ಮಗಳ ಮನೆಯಲ್ಲಿದ್ದಾಳೆ. ನಾನು ಕೆಲಸಕ್ಕಿರುವುದು ಹೊನ್ನಾವರದಲ್ಲಿ, ಅಲ್ಲಿಂದ ಶಿರಾಲಿ ಬಸ್ಸಿನಲ್ಲಿ ಹತ್ತಿರವೇ.

“ಬಂತಾ ಬಿಎ ಅಕ್ಕೋರ ಸವಾರಿ?” ಎಂದಳು. ಚಾ ಕೊಟ್ಟಳು, ಪದಗಳ ಅರ್ಥ ಹೇಳಿದಳು. ಆಮೇಲೆ ಮೆಲ್ಲಗೆ ಕೇಳಿದಳು.

“ಪುಸ್ತಕದಲ್ಲೂ ಅವ್ಳು ಒಬ್ಳೇ ಹಾಡೂದಾ?”

ಎಲ್ಲ ಹಾಡೂ ಅವಳದೇ, ಒಂದೂ ಬಿಟ್ಟಿಲ್ಲ ಎಂದು ನಾನು ಹೇಳಿದೆ.

“ಹಂಗಾರೆ ಹಾಕ್ಬೇಡ.”

ಹೊಟ್ಟೆಕಿಚ್ಚು ಎಂದುಕೊಂಡೆ. ಅವಳು ವಿವರಿಸಿ ಹೇಳುತ್ತ ಹೋದಂತೆ ನನ್ನ ತಲೆ ಕೆಟ್ಟಿತು. ನಟ್ಟಿ ಸಾಲಿನಲ್ಲಿ ಒಬ್ಬಳು ಅರ್ಧ ಸಾಲು ಕೊಟ್ಟರೆ ಪಕ್ಕದವಳು ಮಿಕ್ಕ ಅರ್ಧ ಕೊಡಬೇಕಂತೆ. ಯಾರೂ ಕೊಡದೆ ಸುಮ್ಮನಿದ್ದರೆ, ಸಾಲಿನವರು ಆ ಹೆಂಗಸಿನ ಸಂಗಡ ಮಾತು ಬಿಟ್ಟಿದ್ದಾರೆ ಎಂದು ಅರ್ಥ. ಜಗಳವಾಡಿ ಕೆಟ್ಟ ಮಾತು ಆಡಿದವಳಿಗೆ ಕೊಡುತ್ತಿದ್ದ ಶಿಕ್ಷೆ ಅದು. ಎಷ್ಟು ಕರೆದರೂ ಉತ್ತರವಿಲ್ಲ. ಊರೆಲ್ಲ ಮೆಚ್ಚಿಕೊಂಡ ನನ್ನ ರೆಕಾರ್ಡಿಂಗಿನಲ್ಲಿ ಹಾಡಜ್ಜಿ ಮಾಡುತ್ತಿರುವುದು ಅದೇ. ಕರೆಯುತ್ತಾಳೆ, ಕಾಯುತ್ತಾಳೆ, ಮತ್ತೆ ಕರೆಯುತ್ತಾಳೆ. ಹಳೆಯ ಹೆಂಗಸರು ಅದನ್ನು ಕೇಳಿ, ಮದುವೆಮನೆಯಲ್ಲಿ ಸಿಕ್ಕಾಗಲೆಲ್ಲ ಜೊತೆಗಾತಿಯನ್ನು, ನೀವಿಬ್ಬರೂ ಕೊನೆಗೆ ಮಾತು ಬಿಟ್ಟಿದ್ದಿರಾ ಎಂದು ವಿಚಾರಿಸುತ್ತಾರಂತೆ.

“ಎಷ್ಟು ವರ್ಷ ಆತು. ಅವ್ಳು ಮೊಬೈಲಲ್ಲಿ ಕರೀತೇ ಇದ್ದಾಳೆ, ನಾ ಬಾಯಿ ಮುಚ್ಕಂಡೇ ಇದ್ದೆ. ಸತ್ತೋಳಿಗೆ ನಾನು ಹಂಗೆ ಮಾಡೂದಾ?”

ಅವಳನ್ನು ಹೊರಗೆ ಕೂರಿಸಿದವಳು ನಾನು. ಅದನ್ನು ಅವಳು ಎತ್ತಲಿಲ್ಲ. ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ನಿಮ್ಮ ಅರ್ಧ ಹೇಳಿ, ಬರೆದುಕೊಳ್ಳುತ್ತೇನೆ ಎಂದೆ. ಬರೀ ಬಾಯಲ್ಲಿ ಬರುವುದಿಲ್ಲ, ಅವಳು ಕೊಟ್ಟರೆ ಬರುತ್ತದೆ ಎಂದಳು. ಮೊಬೈಲು ತೆಗೆದು ಹಾಕಿದೆ. ಹಾಡಜ್ಜಿ ಬೆಳ್ಳಕ್ಕಿಯನ್ನು ಕರೆದು ನಿಲ್ಲಿಸಿದಳು. ಇವಳು ಆ ಖಾಲಿ ಜಾಗಕ್ಕೆ ಸರಿಯಾಗಿ, ಒಂದು ಉಸಿರು ಹೆಚ್ಚಿಲ್ಲ ಕಡಿಮೆಯಿಲ್ಲ, ‘ಯಾರ ಗದ್ದೆ ಏಡಿಯ ತಿಂದೆ’ ಎಂದಳು. ಹಾಡಜ್ಜಿ ಮರೆತಿರಲಿಲ್ಲ, ಜಾಗ ಬಿಟ್ಟಿದ್ದಳು.

ಪೆನ್ನು ತೆಗೆದು, ಇನ್ನೊಮ್ಮೆ ಹಾಕಿದೆ. ಈ ಸಲ ಜೊತೆಗಾತಿ, ‘ಬೆಲ್ಲದ ಚಾಯ ಬಚ್ಚಿಟ್ಟೋರು ಯಾರೆ’ ಎಂದಳು. ಮೂರನೆಯ ಸಲ, ‘ನಿನ್ನ ಕಾಲಿಗೆ ಕೆಸರು ಯಾಕಿಲ್ಲವೆ’ ಎಂದು ಹಾಡಿ ನನ್ನ ಚಪ್ಪಲಿಯ ಕಡೆ ನೋಡಿದಳು. ಅಥವಾ ಬಾಗಿಲ ಕಡೆ ನೋಡಿದಳೋ, ಈಗಲೂ ತಿಳಿಯದು.

ಸರಿಯಾದದ್ದು ಯಾವುದು ಎಂದೆ.

“ಯಾರ ಗದ್ದೆ ಅಂತ ಹೇಳು, ಆಮೇಲೆ ಹೇಳ್ತೆ.”

ಹಾಡಜ್ಜಿಯ ಅರ್ಧ ಯಾವಾಗಲೂ ಅದೇ. ಇವಳ ಅರ್ಧ ಮಾತ್ರ ಗದ್ದೆಯಿಂದ ಗದ್ದೆಗೆ ಬೇರೆ. ಒಡೆಯ ಜಿಪುಣನಾದರೆ ಒಂದು, ಅಂಚಿನ ಮೇಲೆ ಬಿಳಿ ಪಂಚೆ ಉಟ್ಟು ಸುಮ್ಮನೆ ನಿಂತವನಾದರೆ ಇನ್ನೊಂದು. ನಾನು ಜಗಲಿಯಲ್ಲಿ ಕೂತು ಕೇಳಿದ ನಗುವೆಲ್ಲ, ಅಷ್ಟು ದೂರಕ್ಕೆ ಕೇಳಿಸದ ಈ ಸಣ್ಣ ದನಿ ತಂದದ್ದು. ಹಾಗಿದ್ದರೆ ನಾವು ಕೊಂಡಾಡುತ್ತಿರುವುದು ಯಾರನ್ನು? ಹಾಡಜ್ಜಿ ಇಲ್ಲದೆ ಇವಳಿಗೆ ಬಾಯಿಯಿಲ್ಲ, ಇವಳಿಲ್ಲದೆ ಹಾಡಜ್ಜಿಗೆ ಹಾಡಿಲ್ಲ.

ಮಾಸ್ತರರಿಗೆ ಫೋನು ಮಾಡಿ ಎಲ್ಲ ಹೇಳಿದೆ. ದಿನಕ್ಕೊಂದು ಹೇಳುವುದನ್ನು ಅಚ್ಚು ಹಾಕಲಿಕ್ಕೆ ಬರುತ್ತದೆಯೇ, ಅದೂ ಅಲ್ಲದೆ ಇಡೀ ಪುಸ್ತಕದಲ್ಲಿ ಭೂತಾಯಿಯ ಸಾಲಿನಷ್ಟು ಚಂದದ್ದು ಇನ್ನೊಂದಿಲ್ಲ ಎಂದರು. ಒಂದು ಗಳಿಗೆ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಆ ಸಾಲು ನನ್ನದು ಎಂದೆ. ಅವರು, “ಹಾಗಾದರೆ ಅಜ್ಜಿಯದು ಎಷ್ಟು?” ಎಂದರು.

ವರ್ಷದ ನೆನಪಿನ ಸಭೆಗೆ ಜೊತೆಗಾತಿಯನ್ನು ನಾನೇ ಶಿರಾಲಿಯಿಂದ ಕುಮಟೆಗೆ ಕರೆದುಕೊಂಡು ಹೋದೆ. ಬಾಡದ ಹೆಂಗಸರು ನಾಲ್ಕನೆಯ ಸಾಲಿನಲ್ಲಿ ಕೂತಿದ್ದರು, ಅವಳು ಅವರ ನಡುವೆ ಹೋಗಿ ಕೂತಳು. ನನ್ನನ್ನು ವೇದಿಕೆಯ ಮೇಲೆ ಅತಿಥಿಗಳ ಪಕ್ಕ ಕೂರಿಸಿದರು. ದೀಪ ಹಚ್ಚಿ, ಫೋಟೋಕ್ಕೆ ಹಾರ ಹಾಕಿ, ಎಲ್ಲರೂ ಎದ್ದು ನಿಂತು ಮೌನ ಆಚರಿಸಿದ ಮೇಲೆ ರೆಕಾರ್ಡಿಂಗು ಹಾಕಿದರು. ದೊಡ್ಡ ಸ್ಪೀಕರಿನಲ್ಲಿ ಹಾಡಜ್ಜಿ ಬೆಳ್ಳಕ್ಕಿಯನ್ನು ಕರೆದಳು. ಸಭೆ ತಲೆ ತಗ್ಗಿಸಿ ಕೇಳುತ್ತಿತ್ತು.

ನಾಲ್ಕನೆಯ ಸಾಲಿನಿಂದ ಒಡಕು ದನಿ ಎದ್ದಿತು. ‘ಕುರ್ಚಿ ಬಿಟ್ಟು ಇಳಿಯೂಕೆ ಬತ್ತದೆನೆ ನಿಂಗೆ.’

ಬಾಡದ ಒಬ್ಬ ಮುದುಕಿ ಫಕ್ಕನೆ ನಕ್ಕಳು. ಆಮೇಲೆ ಆ ಸಾಲಿಡೀ ನಕ್ಕಿತು. ಹಾಡಜ್ಜಿ ಇನ್ನೊಂದು ಕೊಟ್ಟಳು, ಇವಳು ಇನ್ನೊಂದು ಹಿಡಿದಳು. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದರು. ಉಳಿದ ಸಭೆಯವರು ಮಾತ್ರ, ಶ್ರದ್ಧಾಂಜಲಿಯಲ್ಲಿ ನಗಬಹುದೇ ನಗಬಾರದೇ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಖ್ಯ ಅತಿಥಿಗಳು ನನ್ನ ಕಡೆ ಬಗ್ಗಿ, ಆ ಅಮ್ಮ ಏನೆಂದರು ಎಂದು ಕೇಳಿದರು. ಅವರು ಕೂತದ್ದು ಎಲ್ಲಕ್ಕಿಂತ ದೊಡ್ಡ ಕುರ್ಚಿ. ನಾನು ಕೂತದ್ದೂ ಕುರ್ಚಿಯೇ. ಉತ್ತರ ಕೊಟ್ಟರು ಸರ್ ಎಂದಷ್ಟೇ ಹೇಳಿದೆ.

ಸಭೆ ಮುಗಿದ ಮೇಲೆ ಆ ಮುದುಕಿ ಜೊತೆಗಾತಿಯ ಕೈ ಹಿಡಿದುಕೊಂಡು, “ಹಂಗಾರೆ ನೀವು ಮಾತು ಬಿಟ್ಟದ್ದಲ್ಲ” ಎಂದಳು.

“ಬಿಡೂಕೆ ಅವ್ಳು ಬಿಡ್ಬೇಕಲ್ಲ ಮಾರಾಯ್ತಿ.”

ಹಿಂದಿರುಗುವಾಗ ಬಸ್ಸಿನಲ್ಲಿ ಅವಳಿಗೆ ನಿದ್ದೆ ಹತ್ತಿತು. ಬಸ್ಸು ಶರಾವತಿ ಸೇತುವೆಯ ಮೇಲಿದ್ದಾಗ ಮಾಸ್ತರರ ಫೋನು ಬಂತು. ಪ್ರೆಸ್ಸಿನವರು ಕಾಯುತ್ತಿದ್ದಾರೆ ಎಂದರು. ನನ್ನ ಸಾಲುಗಳನ್ನೆಲ್ಲ ತೆಗೆದುಬಿಡಿ, ಮೊದಲ ಪುಟದಲ್ಲಿ ಇಬ್ಬರ ಹೆಸರೂ ಹಾಕಿ ಎಂದೆ. ತೆಗೆದ ಜಾಗದಲ್ಲಿ ಏನು ಹಾಕುವುದು ಎಂದು ಕೇಳಿದರು. ಒಂದನ್ನು ಹಾಕಿದರೆ ಉಳಿದವು ಸಾಯುತ್ತವೆ, ಏನೂ ಹಾಕದಿದ್ದರೆ ಹಾಡಜ್ಜಿ ಮತ್ತೆ ಒಬ್ಬಳೇ ಆಗುತ್ತಾಳೆ. ನನಗೆ ಗೊತ್ತಾಗುತ್ತಿಲ್ಲ ಸರ್ ಎಂದೆ. ಪದವಿ ಸಿಕ್ಕ ಮೇಲೆ ಆ ಮಾತನ್ನು ನಾನು ಯಾರ ಹತ್ತಿರವೂ ಆಡಿರಲಿಲ್ಲ.