ಕಂಪ್ಯೂಟರ್ ಭಾಯಿ ಬರೆದುಕೊಟ್ಟ ನಾಲ್ಕು ಹಾಳೆ

ನಿನ್ನೆ ನಮ್ಮ ನರ್ಸಿಂಗ್ ಹೋಮಿಗೆ ಹೊಸ ಸರ್ವರ್ ಬಂತು. ಪೆಟ್ಟಿಗೆ ಬಿಚ್ಚಿದಾಗ ಎದ್ದ ಥರ್ಮಾಕೋಲಿನ, ಹೊಸ ಪ್ಲಾಸ್ಟಿಕ್ಕಿನ ವಾಸನೆಗೆ ಕಂಪ್ಯೂಟರ್ ಭಾಯಿ ನೆನಪಾದರು.

ದೇವನಹಳ್ಳಿಯಲ್ಲಿ ನಮ್ಮ ಯಜಮಾನರು ಡಾಕ್ಟರು. ನರ್ಸಿಂಗ್ ಹೋಮಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಭಾಯಿ. ಚಪ್ಪಲಿಗಳನ್ನು ಜೋಡಿಸಿಟ್ಟೇ ಒಳಗೆ ಬರುವರು. ಟೀ ಕುಡಿದ ಲೋಟ ತಾವೇ ತೊಳೆಯಲು ಹೋಗಿ ನನ್ನಿಂದ ಬೈಸಿಕೊಳ್ಳುವರು...

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಮನೆಗೇ ಬಂದು ನಾಲ್ಕು ಹಾಳೆ ಕೊಟ್ಟರು.

"ಅಕ್ಕಾ, ನಮ್ ಸರ್ವರ್‌ನಲ್ಲಿರೋ ಸಿಸ್ಟಮ್‌ಗೆ ಮುಂದಿನ್ ವರ್ಷದಿಂದ ಕಂಪನಿಯೋರು ಅಪ್‌ಡೇಟ್ ಕೊಡಲ್ಲ. ಆಮೇಲೆ ಕಳ್ಳರಿಗೆ ಬಾಗಿಲು ತೆಗೆದಿಟ್ಟಂಗೆ. ಈಗ್ಲಿಂದ್ಲೇ ರೆಡಿ ಆಗ್ಬೇಕು. ಡಾಕ್ಟ್ರು ನಿಂತು ಕೇಳಲ್ಲ, ನೀವು ಕೊಟ್ಬಿಡಿ."

ಯಾವ ತಿಂಗಳು ದಾಖಲೆಗಳ ನಕಲು ತೆಗೆಯಬೇಕು, ಹೊಸ ಯಂತ್ರದಲ್ಲಿ ಯಾವಾಗ ಪರೀಕ್ಷಿಸಬೇಕು, ರೋಗಿಗಳು ಕಡಿಮೆಯಿರುವ ಯಾವ ಭಾನುವಾರ ಬದಲಿಸಬೇಕು... ಎಲ್ಲ ಬರೆದಿದ್ದರು. ಆದರೆ ತುಂಬ ಹೊಡೆದುಹಾಕಿ, ಬಾಣ ಎಳೆದು.

"ಏನ್ರೀ ಭಾಯಿ, ಡಾಕ್ಟ್ರ ಚೀಟೀನೂ ಮೀರಿಸಿಬಿಟ್ರಲ್ಲ! ಇರ್ಲಿ, ನಾನೇ ನೀಟಾಗಿ ಬರೆದು ಕೊಡ್ತೀನಿ."

ಕಾನ್ವೆಂಟಿನ ಸಿಸ್ಟರುಗಳು ತಿದ್ದಿದ ನನ್ನ ಅಕ್ಷರದ ಬಗ್ಗೆ ನನಗೆ ಜಂಬವಿತ್ತು. ಮೊದಲ ಹಾಳೆ ಬರೆದೆ. ಆಮೇಲೆ ಹಬ್ಬ, ನೆಂಟರು... ಭಾಯಿ ಎರಡು ಸಲ ಕೇಳಿದರು. ಎರಡನೆಯ ಸಲ, "ಕೊಟ್ಟಾಯ್ತು," ಎಂದುಬಿಟ್ಟೆ.

ಭಾಯಿ ಹೇಳಿದ್ದ ಗಡುವು ದಾಟಿತು. ಒಂದು ಬೆಳಿಗ್ಗೆ ಒಂದು ಕಂಪ್ಯೂಟರೂ ತೆರೆಯಲಿಲ್ಲ. ಯಾರೋ ಎಲ್ಲಿಂದಲೋ ಸರ್ವರಿನೊಳಗೆ ನುಗ್ಗಿ ದಾಖಲೆಗಳಿಗೆಲ್ಲ ಬೀಗ ಜಡಿದಿದ್ದರು. ಆವತಿ ಹಳ್ಳಿಯಿಂದ ಮಗುವನ್ನೆತ್ತಿಕೊಂಡು ಬಂದಿದ್ದ ತಾಯಿಗೆ ಹಳೆಯ ರಿಪೋರ್ಟು ಸಿಗಲಿಲ್ಲ. ಯಜಮಾನರು ಎಲ್ಲರೆದುರೇ ಕೂಗಾಡಿದರು.

"ಮೊದ್ಲೇ ಒಂದ್ ಮಾತು ಹೇಳಕ್ಕೆ ಏನ್ರೀ ಆಗಿತ್ತು ನಿಮ್ಗೆ?"

ಭಾಯಿ ನನ್ನತ್ತ ನೋಡಿದರು. ನಾನು ಸೆರಗಿನಂಚಿನ ದಾರ ಎಳೆಯುತ್ತ ನಿಂತಿದ್ದೆ.

"ತಪ್ಪಾಯ್ತು ಸಾರ್," ಎಂದರು.

ಅಂದೇ ಅವರನ್ನು ಕೆಲಸದಿಂದ ಬಿಡಿಸಿದರು. ಊರಿನ ಬೇರೆ ಕ್ಲಿನಿಕ್ಕಿನವರೂ ಅವರನ್ನು ಕರೆಯಲಿಲ್ಲ. ಹೊಸಕೋಟೆಗೆ ಮನೆ ಬದಲಿಸಿದರೆಂದು ಕೇಳಿದೆ...

ನಿನ್ನೆ ಊಟಕ್ಕೆ ಕೂತಾಗ ಯಜಮಾನರು ಹೊಸ ಇಂಜಿನಿಯರನ್ನು ಹೊಗಳುತ್ತಿದ್ದರು. "ಇವ್ರು ಎಲ್ಲಾ ಮುಂಚೇನೇ ಹೇಳ್ತಾರೆ. ಆ ಭಾಯಿ ಒಂದ್ ಮಾತೂ ಹೇಳಿರ್ಲಿಲ್ಲ ನೋಡು."

"ಹೇಳಿದ್ರು ರೀ. ನನ್ ಹತ್ರ."

ಹಾಳೆಗಳ ವಿಷಯ, ನಾನು ಹೇಳಿದ ಸುಳ್ಳು, ಎಲ್ಲ ಹೇಳಿದೆ. ಅವರು ತುತ್ತನ್ನು ತಟ್ಟೆಗೇ ಇಳಿಸಿದರು. ಬೈಯಲಿಲ್ಲ. ಕೈ ತೊಳೆದು ಬಂದು ಕಾರಿನ ಕೀ ತೆಗೆದುಕೊಂಡರು.

"ಏಳು. ಹೊಸಕೋಟೇಲಿ ಮನೆ ಎಲ್ಲಿ ಅಂತ ಕೇಳ್ಕೊಂಡು ಹೋಗೋಣ. ಆ ಮನುಷ್ಯನ ಹತ್ರ ನಾನು ಕ್ಷಮೆ ಕೇಳ್ಬೇಕು."

ಭಾಯಿ ತೀರಿಕೊಂಡು ಎರಡು ವರ್ಷವಾಯಿತು, ಅದೂ ನನಗೆ ಗೊತ್ತಿತ್ತು ಎಂದು ಆಗ ಹೇಳಬೇಕಾಯಿತು.